ನಳಪಾಕ ಹೋಟೆಲಿಗಷ್ಟೇನಾ?

ರುಚಿಗೆ ನಾವು ಕೊಟ್ಟ ಹೆಸರುಗಳೇ ನಳಪಾಕ, ಭೀಮಪಾಕ. ಎರಡೂ ಗಂಡಸರವು! ಮುಂಬಯಿಗೆ ಉಡುಪಿ ಊಟದ ರುಚಿ ಹತ್ತಿಸಿದವರೂ ಗಂಡಸರೇ. ಎ. ರಾಮ ನಾಯಕರು 1942ರಲ್ಲಿ ಮಾಟುಂಗಾದಲ್ಲಿ ಉಡುಪಿ ಶ್ರೀ ಕೃಷ್ಣ ಬೋರ್ಡಿಂಗ್ ತೆರೆದರು. ಊರು ಬಿಟ್ಟು ಬಂದ ಎಷ್ಟೋ ಹುಡುಗರು ಇಂಥ ಹೋಟೆಲುಗಳಲ್ಲಿ ತಟ್ಟೆ ತೊಳೆಯುತ್ತ, ತರಕಾರಿ ಹೆಚ್ಚುತ್ತ ಅಡುಗೆ ಕಲಿತರು.

ಆದರೆ ಸಂಬಳ ಸಿಗುವ ಅಡುಗೆ ಗಂಡಸಿಗೆ ಕಸುಬಾಯಿತು, ಸಿಗದ್ದು ಹೆಂಗಸಿಗೆ ಕರ್ತವ್ಯವಾಯಿತು. ಕೇಂದ್ರ ಸರ್ಕಾರದ 2019ರ ಸಮೀಕ್ಷೆ ನೋಡಿ: ಮನೆಗೆಲಸಕ್ಕೆ ಕೈಹಾಕಿದ ಹೆಂಗಸರು ದಿನಕ್ಕೆ ಸರಾಸರಿ 299 ನಿಮಿಷ ದುಡಿದರೆ, ಗಂಡಸರು 97. ಅದೂ ಗಂಡಸರಲ್ಲಿ ಕೈಹಾಕಿದವರೇ ನೂರಕ್ಕೆ 26 ಮಂದಿ!

ಬ್ಯಾಂಕಿನವನು ನಾನು, ಈ ಲೆಕ್ಕ ಟ್ಯಾಲಿ ಆಗೋದಿಲ್ಲ. ನನ್ನ ಖಾತೆಯಲ್ಲೂ ಬಹಳ ವರ್ಷಗಳ ಬಾಕಿ ಇದೆ. ಈಗ ಕಂತು ಕಟ್ಟಲು ಶುರು ಮಾಡಿದ್ದೇನೆ, ರಾತ್ರಿಯ ಅನ್ನ-ಸಾರು ನನ್ನದು. ಹೆಂಡತಿ "ಉಪ್ಪು ಸ್ವಲ್ಪ ಜಾಸ್ತಿ" ಅಂತಾಳೆ. ಪರವಾಗಿಲ್ಲ, ಕಲೀತೀನಿ. ನೀವು?