ಕಿಟಕಿಯ ಈಚೆಗೊಂದು ಪರದೆ

ಕಂಪ್ಯೂಟರಿನ ಚರಿತ್ರೆ ಬರೆಯುವವರು ಸಾಮಾನ್ಯವಾಗಿ ಬೆಂಗಳೂರಿನಿಂದ ಶುರು ಮಾಡುತ್ತಾರೆ. ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಈ ಸಂಚಿಕೆಗೆ ನಾನು ಹೊಲದ ಉತಾರದಿಂದ ಶುರು ಮಾಡುತ್ತೇನೆ. ಬಾದಾಮಿ, ಹುನಗುಂದ ಕಡೆಯ ಎಷ್ಟೋ ರೈತರು ಕಂಪ್ಯೂಟರನ್ನು ಮೊದಲು ಕಂಡದ್ದು ತಹಶೀಲ್ದಾರ ಕಚೇರಿಯ ಕಿಟಕಿಯಲ್ಲಿ, ‘ಭೂಮಿ’ ಯೋಜನೆ ಬಂದಾಗ.

ಅದಕ್ಕೂ ಮೊದಲು ದಾಖಲೆಗಳೆಲ್ಲ ತಲಾಟಿಯವರ ಕೈಬರಹದ ಪುಸ್ತಕದಲ್ಲಿದ್ದವು. ರಾಜ್ಯದಲ್ಲಿ ಸುಮಾರು 9,000 ಗ್ರಾಮ ಲೆಕ್ಕಿಗರು; ಒಬ್ಬೊಬ್ಬರಿಗೆ ಮೂರು-ನಾಲ್ಕು ಹಳ್ಳಿ. ಬೆಳೆಸಾಲಕ್ಕೆ ಉತಾರ ಬೇಕೆಂದರೆ ಅವರು ಸಿಗುವ ತನಕ ಅಲೆಯಬೇಕು. 2001-02ರ ಹೊತ್ತಿಗೆ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳು ಗಣಕಕ್ಕೆ ಸೇರಿದವು. ಆಗ ಪ್ರತಿಗೆ 15 ರೂಪಾಯಿ ಇತ್ತು.

ಅಂಕಿ-ಸಂಖ್ಯೆ ಇರಲಿ. ತಂತ್ರಾಂಶ ಕಟ್ಟುವ ನನ್ನ ಕಣ್ಣಿಗೆ ದೊಡ್ಡದಾಗಿ ಕಾಣುವುದು ಅಲ್ಲಿಯ ಎರಡನೆಯ ಪರದೆ. ಸಿಬ್ಬಂದಿಗೊಂದು ಪರದೆಯಾದರೆ, ಕಿಟಕಿಯ ಈಚೆ ನಿಂತ ರೈತನ ಕಡೆಗೂ ಒಂದು ಮುಖ ಮಾಡಿತ್ತು. ತನ್ನ ಸರ್ವೆ ನಂಬರ್ ಎದುರು ಏನು ನಡೆಯುತ್ತಿದೆ ಎಂಬುದನ್ನು ಅವನೇ ನೋಡಬಹುದಿತ್ತು, ಅದೂ ಕನ್ನಡದಲ್ಲಿ. ಓದು ಬಾರದವರು ಆಗಲೂ ಪಕ್ಕದವರನ್ನು ಕೇಳಬೇಕಾಗಿತ್ತು, ನಿಜ. ಆದರೂ ಯಂತ್ರದ ಎದುರು ಇಬ್ಬರಿದ್ದಾರೆ ಎಂದು ಯಾರೋ ಯೋಚಿಸಿದ್ದರಲ್ಲ!

ಇಂಥದೇ ಯೋಚನೆ ಕೀಲಿಮಣೆಯಲ್ಲೂ ಇದೆ. ಇಂಗ್ಲಿಷಿನ 26 ಕೀಲಿಗಳಲ್ಲಿ ನಮ್ಮ ವರ್ಣಮಾಲೆಯನ್ನು ಕೂರಿಸುವ ವಿನ್ಯಾಸ ಮಾಡಿದವರು ಕೆ.ಪಿ. ರಾವ್. ಕನ್ನಡ ಗಣಕ ಪರಿಷತ್ತಿನ ‘ನುಡಿ’ ತಂತ್ರಾಂಶ ಅದನ್ನೇ ಬಳಸಿತು. ಅದರಲ್ಲಿ ‘ಕೆ’ ಒತ್ತಿದರೆ ‘ಕ’, ಮೇಲೆ ‘ಐ’ ಒತ್ತಿದರೆ ‘ಕಿ’. ಶಿಫ್ಟ್ ಹಿಡಿದು ‘ಕೆ’ ಒತ್ತಿದರೆ ‘ಖ’. ಒತ್ತಕ್ಷರಕ್ಕೆ ನಡುವೆ ‘ಎಫ್’. ಒಂದನೆಯ ತರಗತಿಯಲ್ಲಿ ಬಾಯಿಪಾಠ ಮಾಡಿದ ಕಾಗುಣಿತವೇ ಇದು. 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ ಬಂತು. ಅದರಲ್ಲಿ ಕನ್ನಡದ ಮಾತನ್ನು ಇಂಗ್ಲಿಷ್ ಕಾಗುಣಿತದಲ್ಲಿ ಟೈಪಿಸುವುದೇ ರೂಢಿಯಾಯಿತು. ಇಂಗ್ಲಿಷ್ ಟೈಪಿಂಗ್ ಬಲ್ಲವರಿಗೆ ಅದು ಸಲೀಸು. ಕನ್ನಡ ಶಾಲೆಯ ಹುಡುಗನಿಗೆ ಮೊದಲನೆಯದೇ ಹತ್ತಿರ ಎಂಬುದು ನನ್ನ ಅಭಿಪ್ರಾಯ. ಒಪ್ಪದ ಗೆಳೆಯರೂ ಇದ್ದಾರೆ.

ಬಿ.ಇ. ಓದುವಾಗ ನಮಗೆ ಪ್ರೋಗ್ರಾಂ ಬರೆಯಲು ಕಲಿಸಿದರು. ಅದನ್ನು ಬಳಸುವವರ ಕೈ, ಕಣ್ಣು, ದಣಿವಿನ ಬಗ್ಗೆ ಹೆಚ್ಚೇನೂ ಹೇಳಲಿಲ್ಲ. ಆ ಪಾಠವಾದದ್ದು ಕೆಲಸಕ್ಕೆ ಸೇರಿದ ಮೇಲೆ, ಒಂದು ಗೋದಾಮಿನಲ್ಲಿ. ಅಲ್ಲಿಯ ಕೆಲಸಗಾರರು ಪರದೆಯ ಅಂಚಿಗೆ ಚೀಟಿ ಅಂಟಿಸಿದ್ದರು: ಮೊದಲು ಯಾವ ಗುಂಡಿ, ಆಮೇಲೆ ಯಾವುದು. ತಂತ್ರಾಂಶ ಹೇಳಬೇಕಾದ್ದನ್ನು ಚೀಟಿ ಹೇಳುತ್ತಿತ್ತು. ಇಳಕಲ್ಲಿನ ಕುಣಿಮಗ್ಗಕ್ಕೆ ಯಾರೂ ಚೀಟಿ ಅಂಟಿಸಿದ್ದು ನಾನು ಕಂಡಿಲ್ಲ. ನೇಕಾರರ ಕಾಲು ಕುಣಿಯೊಳಗೆ ಇಳಿದಿರುತ್ತದೆ, ಸೆರಗು ಕೈಯಳತೆಯಲ್ಲೇ ಮೂಡುತ್ತದೆ. ತಲೆಮಾರುಗಳ ಮೈಗೆ ಒಗ್ಗುತ್ತ ಬಂದ ಯಂತ್ರವದು.

ನಮ್ಮ ಕಾಲದ ಕಂಪ್ಯೂಟರ್ ಪಾಠವೆಂದರೆ ಭಾಗಗಳ ಇಂಗ್ಲಿಷ್ ಹೆಸರುಗಳನ್ನು ಬರೆದುಕೊಳ್ಳುವುದು. ಈಗಿನ ಮಕ್ಕಳ ಕೈಗೆ ಮೊಬೈಲ್ ಬಂದಿದೆ. ಹಲವರು ಕನ್ನಡವನ್ನೂ ಇಂಗ್ಲಿಷ್ ಅಕ್ಷರದಲ್ಲೇ ಬರೆಯುತ್ತಾರೆ. ಎಂಟನೆಯ ತರಗತಿಯವರಿಗೆ ವಾರಕ್ಕೆರಡು ಪೀರಿಯಡ್ ಕನ್ನಡ ಕೀಲಿಮಣೆ ಕಲಿಸಬಹುದು. ಒಂಬತ್ತನೆಯವರಿಂದ ಊರಿನ ಒಂದು ಅರ್ಜಿ ನಮೂನೆಯನ್ನು ಪರದೆಗೆ ಹೊಂದಿಸಿ ಬರೆಸಿ, ಅವರ ಅಜ್ಜಿಯಿಂದಲೇ ಅದನ್ನು ತುಂಬಿಸಿ ನೋಡಬಹುದು. ಗುರುಗಳು ಒಪ್ಪಿದರೆ ಶನಿವಾರ ಬಂದು ಕಲಿಸಲು ಹಳೆಯ ವಿದ್ಯಾರ್ಥಿಗಳಾದ ನಾವು ಸಿದ್ಧರಿದ್ದೇವೆ.