ಒಂದು ಉಪನ್ಯಾಸದ ದಾರಿ

ಬಿ.ಸಿ.ರೋಡಿನ ನ್ಯಾಯಾಲಯಕ್ಕೆ ಬರುವವರ ಕೈಯಲ್ಲಿ ಗದ್ದೆ ತೋಟಗಳ ಕಾಗದಪತ್ರಗಳೇ ಹೆಚ್ಚು. ಪಂಡಿತರ ಕಾನೂನು ಉಪನ್ಯಾಸಗಳಿಂದ ಇವರಿಗೇನಾಗಬೇಕು ಎಂದು ಕೇಳುವವರಿದ್ದಾರೆ. ಅಂಥ ಒಂದು ಉಪನ್ಯಾಸದ ಕಥೆಯನ್ನು ನಾನು ಹೇಳುತ್ತೇನೆ.

1965ರ ಫೆಬ್ರವರಿಯಲ್ಲಿ ಹೈಡೆಲ್‌ಬರ್ಗಿನ ವಿದ್ವಾಂಸ ಡೀಟ್ರಿಷ್ ಕಾನ್ರಾಡ್ ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಮಾತನಾಡಿದರು. ಸಂವಿಧಾನವನ್ನು ತಿದ್ದುವ ಅಧಿಕಾರಕ್ಕೆ ಎಲ್ಲೆಯೇ ಇಲ್ಲವೆ? ಕಾನೂನಿನ ಅಪ್ಪಣೆಯಿಲ್ಲದೆಯೂ ಪ್ರಜೆಯ ಪ್ರಾಣ ತೆಗೆಯಬಹುದೆಂದು ಬಹುಮತವೊಂದು ತಿದ್ದಿಬಿಟ್ಟರೆ? 1933ರಲ್ಲಿ ಸಂಸತ್ತೇ ಮತ ಹಾಕಿ ಹಿಟ್ಲರನ ಕೈಗೆ ಅಧಿಕಾರ ಒಪ್ಪಿಸಿದ ನಾಡಿನಿಂದ ಬಂದವರಿಗೆ ಇದು ಬರಿಯ ತರ್ಕದ ಕಸರತ್ತಾಗಿರಲಿಲ್ಲ.

ಆ ಮಾತನ್ನು 1967ರ ಗೋಲಕನಾಥ್ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯದ ಮುಂದಿಟ್ಟವರು ಹಿಂದೆ ಮಂಗಳೂರಿನಲ್ಲಿ ವಕೀಲರಾಗಿದ್ದ ಎಂ.ಕೆ.ನಂಬಿಯಾರರು. ವಾದದಲ್ಲಿ ಬಲವಿದೆಯೆಂದರೂ ನ್ಯಾಯಾಲಯ ತೀರ್ಪನ್ನು ಬೇರೆ ಆಧಾರದ ಮೇಲೆ ನಿಲ್ಲಿಸಿತು.

ಮುಂದಿನದು ನೆರೆಯ ಕಾಸರಗೋಡಿನ ಕಥೆ. ಕೇರಳದ ಭೂಸುಧಾರಣೆಯಿಂದ ಮಠದ ಭೂಮಿಗೆ ಕುತ್ತು ಬಂದಾಗ ಎಡನೀರಿನ ಕೇಶವಾನಂದ ಭಾರತಿ ಸ್ವಾಮಿಗಳು 1970ರಲ್ಲಿ ದಿಲ್ಲಿಯ ಬಾಗಿಲು ತಟ್ಟಿದರು. 13 ನ್ಯಾಯಾಧೀಶರು 68 ದಿನ ವಾದ ಕೇಳಿದರು. ಸಂವಿಧಾನದ ಮೂಲ ಸ್ವರೂಪವನ್ನು ಸಂಸತ್ತು ಕೆಡಿಸಲಾಗದೆಂದು 1973ರ ಏಪ್ರಿಲ್ 24ರಂದು 7–6ರ ಬಹುಮತದಿಂದ ತೀರ್ಪಾಯಿತು. ನ್ಯಾಯಮೂರ್ತಿ ಖನ್ನಾ ತಮ್ಮ ತೀರ್ಪಿನಲ್ಲಿ ಕಾನ್ರಾಡರ ಮಾತನ್ನು ಉದ್ಧರಿಸಿದ್ದಾರೆ. ಕೇರಳದ ಭೂಕಾನೂನುಗಳಿಗೆ ರಕ್ಷಣೆಯಿತ್ತ 29ನೆಯ ತಿದ್ದುಪಡಿಯೂ ಊರ್ಜಿತವಾಯಿತು. ಗೇಣಿದಾರರ ಪಾಲಿಗೆ ಅದೂ ನ್ಯಾಯವೇ ಎಂದು ಗೇಣಿಯ ಸೀಮೆಯವನಾದ ನಾನು ಹೇಳಲೇಬೇಕು.

ಬಹುಮತದವರಲ್ಲಿ ಕಾರ್ಕಳ ತಾಲೂಕಿನ ಕೌಡೂರಿನ ಕೆ.ಎಸ್.ಹೆಗ್ಡೆಯವರೂ ಇದ್ದರು. ಮರುದಿನವೇ ಅವರನ್ನೂ ಶೆಲತ್, ಗ್ರೋವರ್ ಇಬ್ಬರನ್ನೂ ಬದಿಗಿರಿಸಿ, ಕಿರಿಯರಾದ ಎ.ಎನ್.ರಾಯ್ ಅವರನ್ನು ಮುಖ್ಯ ನ್ಯಾಯಾಧೀಶರೆಂದು ಸರಕಾರ ಸಾರಿತು. ಮೂವರೂ ರಾಜೀನಾಮೆಯಿತ್ತರು. ಹೆಗ್ಡೆಯವರು 1977ರಲ್ಲಿ ಲೋಕಸಭೆಗೆ ಆರಿಸಿ ಬಂದು, ಅದೇ ವರ್ಷ ಅದರ ಸಭಾಧ್ಯಕ್ಷರಾದರು.