ಗೋಡೆಯ ಗೂಡು, ಗಾರೆ ಮೆತ್ತಿದ ಬೀರು

ಕಲ್ಮಲದಿಂದ ಬಸ್ ಹತ್ತಿ ರಾಯಚೂರಿಗೆ ಹೋಗಿ, ಸೈಬರ್ ಕೆಫೆಯಲ್ಲಿ ಗಂಟೆ ಲೆಕ್ಕಕ್ಕೆ ಕೂರುತ್ತಿದ್ದ ಕಾಲ. ಅಲ್ಲಿ ಯಾರ ಬಾಯಲ್ಲೂ 'ಬ್ರೌಸರ್' ಅನ್ನೋ ಮಾತಿರಲಿಲ್ಲ. ನೀಲಿ 'ಇ' ಒತ್ತಿದರೆ ಇಂಟರ್ನೆಟ್, ಅಷ್ಟೇ. ಅದು ವಿಂಡೋಸ್‌ನದೇ ಒಂದು ಅಂಗ ಅಂದುಕೊಂಡಿದ್ದೆ.

ಒಮ್ಮೆ ಕನ್ನಡ ವಿಕಿಪೀಡಿಯ ತೆರೆದರೆ ಪುಟದ ತುಂಬಾ ಬರೀ ಡಬ್ಬಿಗಳು. "ತಡಿಯೋ ತಮ್ಮ, ಸಿಡಿ ಹಾಕ್ಬೇಕು" ಅಂದ ಕೆಫೆಯ ಅಣ್ಣ, ಎಕ್ಸ್‌ಪಿಯ ಭಾಷಾ ಸೆಟ್ಟಿಂಗ್‌ನಲ್ಲಿ ಒಂದು ಟಿಕ್ ಹಾಕಿ ರೀಸ್ಟಾರ್ಟ್ ಮಾಡಿದ. ತುಂಗಾ ಫಾಂಟ್‌ನಲ್ಲಿ ಅಕ್ಷರ ಮೂಡಿದವು. ನೀಲಿ 'ಇ'ಯಲ್ಲಿ ಮಾತ್ರ ಅಲ್ಲ, ಫೈರ್‌ಫಾಕ್ಸ್‌ನಲ್ಲೂ, ನೋಟ್‌ಪ್ಯಾಡ್‌ನಲ್ಲೂ! ಒತ್ತಕ್ಷರ ಜೋಡಿಸುವ ಕೆಲಸ ಬ್ರೌಸರಿನದಲ್ಲ, ಅದರಡಿ ಇದ್ದ ವಿಂಡೋಸ್‌ನದು ಅಂತ ಆಗ ತಿಳೀತು.

ಯಾವುದು ವಿಂಡೋಸ್, ಯಾವುದು ಬ್ರೌಸರ್ ಅನ್ನೋ ಇದೇ ಪ್ರಶ್ನೆ ಅದಕ್ಕೂ ಮುಂಚೆ ಅಮೆರಿಕದ ಕೋರ್ಟಿಗೆ ಹೋಗಿತ್ತು. 1998ರ ಮೇ ತಿಂಗಳಲ್ಲಿ ಅಲ್ಲಿನ ಸರ್ಕಾರ ಮತ್ತು ಹಲವು ರಾಜ್ಯಗಳು ಮೈಕ್ರೋಸಾಫ್ಟ್ ಮೇಲೆ ದಾವೆ ಹೂಡಿದವು. ವಿಂಡೋಸ್ ಜೊತೆ ಇಂಟರ್ನೆಟ್ ಎಕ್ಸ್‌ಪ್ಲೋರರ್ ಕಟ್ಟಿಕೊಟ್ಟು ನೆಟ್‌ಸ್ಕೇಪ್‌ನ ದಾರಿ ಮುಚ್ಚಿದ್ದು ಮುಖ್ಯ ಆರೋಪಗಳಲ್ಲಿ ಒಂದು. ಎರಡೂ ಬೇರ್ಪಡದಷ್ಟು ಬೆಸೆದಿವೆ ಅಂತ ಕಂಪನಿ ವಾದಿಸಿತು. ಪ್ರಿನ್ಸ್‌ಟನ್‌ನ ಪ್ರಾಧ್ಯಾಪಕ ಎಡ್ವರ್ಡ್ ಫೆಲ್ಟನ್ ಅದನ್ನು ತೆಗೆಯುವ ಪುಟ್ಟ ಪ್ರೋಗ್ರಾಂ ಬರೆದು ತೋರಿಸಿದರು. "ತೆಗೆದಿಲ್ಲ, ಬಚ್ಚಿಟ್ಟಿದ್ದಾರೆ ಅಷ್ಟೇ; ಕೋಡ್ ಒಳಗೇ ಇದೆ" ಅಂತ ಕಂಪನಿ ತಿರುಗೇಟು ಕೊಟ್ಟಿತು.

ಇಬ್ಬರ ಮಾತಲ್ಲೂ ಸತ್ಯ ಇತ್ತು. ನಮ್ ಕಡೆ ಹಳೇ ಮನೆಗಳ ಗೋಡೆಯಲ್ಲಿ ದೀಪ ಇಡೋಕೆ ಗೂಡು ಇರ್ತದೆ. ಗೋಡೆ ಒಡೆಯದೆ ಅದನ್ನ ತೆಗೆಯೋಕಾಗಲ್ಲ, ಅದು ಮನೆಯದೇ. ಬೀರು ಹಾಗಲ್ಲ, ಎತ್ತಿ ಒಯ್ಯಬಹುದು. ಆದ್ರೆ ಮನೆ ಕಟ್ಟಿದವನೇ ಬೀರುವಿಗೆ ಗಾರೆ ಮೆತ್ತಿ, "ಕಿತ್ತರೆ ಗೋಡೆ ಬೀಳ್ತದೆ" ಅಂದರೆ? ಪುಟ ಮೂಡಿಸುವ ಎಂಜಿನ್ ಗೂಡಿನಂಥದು, ಬೇರೆ ಪ್ರೋಗ್ರಾಂಗಳೂ ಅದನ್ನು ಬಳಸುತ್ತಿದ್ದವು. ನೀಲಿ 'ಇ' ಮಾತ್ರ ಬೀರು.

2001ರ ಜೂನ್‌ನಲ್ಲಿ ಮೇಲ್ಮನವಿ ನ್ಯಾಯಾಲಯ ಹಿಡಿದದ್ದೂ ಆ ಗಾರೆಯನ್ನೇ. ಕಂಪನಿಯನ್ನು ಎರಡು ಮಾಡುವ ಆದೇಶ ರದ್ದಾಯಿತು. ಒಂದಕ್ಕೊಂದು ಗಂಟುಹಾಕಿ ಮಾರಿದ್ದೇ ತಪ್ಪಾ ಅನ್ನೋದು ಮರುವಿಚಾರಣೆಗೆ ಹೋಯಿತು. ಆದರೆ ಎರಡರ ಕೋಡ್ ಬೆರೆಸಿದ್ದು, 'ಆಡ್/ರಿಮೂವ್' ಪಟ್ಟಿಯಿಂದ ಬ್ರೌಸರನ್ನು ಹೊರಗಿಟ್ಟದ್ದು ಕಾನೂನುಬಾಹಿರ ಅಂತ ತೀರ್ಪಾಯಿತು.

ಹಳೇ ಕಥೆ ಅನ್ನಬೇಡಿ. 2022ರ ಅಕ್ಟೋಬರ್‌ನಲ್ಲಿ ಭಾರತದ ಸ್ಪರ್ಧಾ ಆಯೋಗ ಆಂಡ್ರಾಯ್ಡ್ ವಿಷಯಕ್ಕೆ ಗೂಗಲ್‌ಗೆ ₹1,337.76 ಕೋಟಿ ದಂಡ ಹಾಕಿತು. ಮೊದಲೇ ತುಂಬಿಕೊಟ್ಟ ಆ್ಯಪ್‌ಗಳನ್ನು ಬಳಕೆದಾರರು ತೆಗೆಯಲು ಬಿಡಬೇಕು ಅಂತಲೂ ಹೇಳಿತು. 2023ರ ಮಾರ್ಚ್‌ನಲ್ಲಿ ಮೇಲ್ಮನವಿ ನ್ಯಾಯಮಂಡಳಿ ದಂಡ ಎತ್ತಿಹಿಡಿದು, ತೆಗೆಯಲು ಬಿಡಬೇಕೆಂಬ ಮಾತನ್ನು ಕೈಬಿಟ್ಟಿತು.

ಅಕ್ಷರ ಜೋಡಿಸುವ ಗೂಡು ಪ್ರತಿ ಫೋನಿನಲ್ಲೂ ಇರಲಿ, ಅದು ನಮ್ಮ ಕನ್ನಡಕ್ಕೆ ಬೇಕೇಬೇಕು. ಬೀರು ಇಡೋದೋ ಬಿಡೋದೋ ಅನ್ನೋದು ಮಾತ್ರ ಮನೆಯಲ್ಲಿ ಇರೋರಿಗೆ ಸೇರಿದ್ದು.